ಕುರ್ಚಿಯ ಬಾಡಿಗೆ

(ಎಚ್‌ಎಸ್‌ಆರ್ ಲೇಔಟಿನ ಒಂದು ಕಾಫಿ ಶಾಪ್. ಶನಿವಾರ, ಬೆಳಗಿನ ಹನ್ನೊಂದರ ಹೊತ್ತು. ಹನುಮಂತನಗರದ ದರ್ಶಿನಿಯೊಂದರಲ್ಲಿ ಪಾಲುದಾರರಾದ ಮಾವ, ಅಕ್ಕನ ಮಗಳಿಗೆ ಊರಿನಿಂದ ಬಂದ ಡಬ್ಬಿ ಕೊಡಲು ಬಂದಿದ್ದಾರೆ. ಅವಳಿರುವ ಪಿ.ಜಿ.ಯ ಗೇಟು ದಾಟಿ ಗಂಡಸರು ಒಳಗೆ ಬರುವಂತಿಲ್ಲ. ಮಾವನಾದರೂ ಅಷ್ಟೆ, ಅಪ್ಪನಾದರೂ ಅಷ್ಟೆ.)

ಮಾವ: ಏನೇ ಇದು, ಇಷ್ಟು ಜನ ಕೂತಿದಾರೆ, ಒಬ್ಬರೂ ಕಾಫಿ ಕುಡೀತಾ ಇಲ್ಲ!

ಹುಡುಗಿ: ಕುಡಿದಾಗಿದೆ ಮಾವ. ಕಪ್ಪು ನೋಡಿ, ಎಲ್ಲರ ಮುಂದೆಯೂ ಇದೆ.

ಮಾವ: ಇದೆ, ತಳದಲ್ಲಿ ಎರಡು ಗುಟುಕು. ಆ ಕಿಟಕಿ ಪಕ್ಕದ ಹುಡುಗ ಇದಾನಲ್ಲ, ನಾನು ಬಂದಾಗಿನಿಂದ ಅದನ್ನ ಮುಟ್ಟಿಲ್ಲ. ನಮ್ಮ ಹಳೇ ಹೋಟೆಲಿನಲ್ಲಾಗಿದ್ದರೆ ಕ್ಲೀನರ್ ಇಷ್ಟೊತ್ತಿಗೆ ಮೂರು ಸಲ ಟೇಬಲ್ ಒರೆಸಿರ್ತಿದ್ದ.

ಹುಡುಗಿ: ಆ ಎರಡು ಗುಟುಕೇ ಅವನ ರಸೀದಿ. ಪೂರ್ತಿ ಕುಡಿದರೆ ಕಪ್ಪು ಎತ್ತಿಕೊಂಡು ಹೋಗ್ತಾರೆ. ಅದು ಹೋದ ಮೇಲೆ ಬರೀ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರೋಕೆ ಮುಖ ಬೇಕಲ್ಲ. ಆದರೆ ಟೇಬಲ್ ಒರೆಸೋದಕ್ಕೂ ಎದ್ದು ಹೋಗೋದಕ್ಕೂ ಏನು ಸಂಬಂಧ?

ಮಾವ: ಒರೆಸೋದು ಅಂದರೆ ನಿನಗೆ ಗೊತ್ತಿಲ್ಲ, ಅದೊಂದು ಭಾಷೆ. ಮೊದಲ ಸಲ ಬರೀ ಬಟ್ಟೆ ಆಡಿಸ್ತಾನೆ. ಎರಡನೇ ಸಲ ಒದ್ದೆ ಬಟ್ಟೆ ತಂದು, 'ಸ್ವಲ್ಪ ಪೇಪರ್ ಎತ್ತಿ ಸಾರ್' ಅಂತಾನೆ. ಮೂರನೇ ಸಲ ನೀರು ಚಿಮುಕಿಸಿ ಒರೆಸ್ತಾನೆ, ತೋಳಿನ ಮೇಲೆ ಎರಡು ಹನಿ ಬೀಳೋ ಹಾಗೆ. ಅಷ್ಟಕ್ಕೂ ಏಳದಿದ್ದರೆ ನಾನು ಗಲ್ಲಾದಲ್ಲಿ ಕೂತೇ ಅವರ ತಲೆ ಮೇಲಿನ ಫ್ಯಾನ್ ಆಫ್ ಮಾಡ್ತಿದ್ದೆ. ಬಾಯಿಬಿಟ್ಟು 'ಎದ್ದೇಳಿ' ಅನ್ನೋ ಪದ್ಧತಿ ನಮ್ಮ ಕಸುಬಿನಲ್ಲಿಲ್ಲ. 'ಅನಾವಶ್ಯಕವಾಗಿ ಕುಳಿತುಕೊಳ್ಳಬಾರದು' ಅಂತ ಬೋರ್ಡು ಮಾತ್ರ ಇರ್ತಿತ್ತು, ದೇವರ ಪಟದ ಪಕ್ಕ.

ಹುಡುಗಿ: ಇಲ್ಲೂ ಅದೇ ಭಾಷೆ, ಉಚ್ಚಾರಣೆ ಬೇರೆ. ಆ ಗೋಡೆ ಬುಡದಲ್ಲಿ ಪ್ಲಗ್ ಪಾಯಿಂಟ್ ನೋಡಿ, ಮೇಲೆ ಟೇಪು ಸುತ್ತಿದಾರೆ. ಕೆಟ್ಟಿಲ್ಲ ಅದು. ವೈಫೈಗೆ ಫೋನಿಗೆ ಓಟಿಪಿ ಬರುತ್ತೆ, ಒಂದು ಗಂಟೆ ಕಳೆದರೆ ನಿಂತುಹೋಗುತ್ತೆ. ಮತ್ತೆ ಬೇಕಂದರೆ ಕೌಂಟರಿಗೆ ಹೋಗಬೇಕು. ಬರಿಗೈಲಿ ಹೋಗಿ ಕೇಳೋಕೆ ಸಂಕೋಚ ಅಂತ ಎಷ್ಟೋ ಜನ ಇನ್ನೊಂದು ಏನಾದರೂ ತಗೋತಾರೆ. ಆ ಉದ್ದ ಮೇಜಿನ ಹತ್ತಿರ ಬೆನ್ನಿಲ್ಲದ ಸ್ಟೂಲುಗಳಿವೆ, ನಲವತ್ತು ನಿಮಿಷಕ್ಕೆ ಸೊಂಟ ಹೇಳುತ್ತೆ. ಸಾಯಂಕಾಲ ಆರಕ್ಕೆ ಹಾಡಿನ ಸದ್ದು ಒಂದು ಮೆಟ್ಟಿಲು ಏರುತ್ತೆ. ಅದೇ ನಿಮ್ಮ ಮೂರನೇ ಸಲದ ನೀರು.

ಮಾವ: ಪರವಾಗಿಲ್ಲ, ಕಸುಬು ಗೊತ್ತಿರೋರೇ ನಡೆಸ್ತಿದಾರೆ. ಎಷ್ಟು ಇದಕ್ಕೆ?

ಹುಡುಗಿ: ಕ್ಯಾಪುಚಿನೋ 240. ಜಿಎಸ್‌ಟಿ ಶೇ. 5, ಅಂದರೆ 12 ರೂಪಾಯಿ. ಒಟ್ಟು 252.

ಮಾವ: ರಾಮಾ! ನಮ್ಮಲ್ಲಿ ಹನ್ನೆರಡು ಜನಕ್ಕೆ ಕಾಫಿ ಆಗುತ್ತೆ ಕಣೇ ಆ ದುಡ್ಡಿಗೆ. ಬೈ-ಟೂ ಮಾಡಿದರೆ ಒಂದು ಮದುವೆ ದಿಬ್ಬಣ.

ಹುಡುಗಿ: ಕಾಫಿ ಅಂದುಕೊಂಡರೆ ದುಬಾರಿ. ಬಾಡಿಗೆ ಅಂದುಕೊಳ್ಳಿ. ಮೂರು ಗಂಟೆ ಕೂರ್ತೀನಿ, ಗಂಟೆಗೆ 84 ರೂಪಾಯಿ ಬಿತ್ತು. ಅದಕ್ಕೆ ಕುರ್ಚಿ, ಮೇಜು, ಕರೆಂಟು, ಟಾಯ್ಲೆಟ್ಟು. ಕಾಫಿ ಪುಕ್ಕಟೆ.

ಮಾವ: ನಿನ್ನ ಕಡೆಯಿಂದ ಲೆಕ್ಕ ಸರಿ. ನನ್ನ ಕಡೆಯಿಂದ ನೋಡು. ದರ್ಶಿನೀಲಿ ಒಂದು ದುಂಡು ಮೇಜಿನ ಸುತ್ತ ನಾಲ್ಕು ಜನ ನಿಲ್ತಾರೆ. ಬರೀ ಕಾಫಿಯವನು ಐದು ನಿಮಿಷ, ಇಡ್ಲಿ-ವಡೆಯವನು ಹತ್ತು. ಸರಾಸರಿ ಎಂಟು ಅಂತಿಟ್ಟುಕೋ. ಒಬ್ಬ ನಿಂತ ಜಾಗದಲ್ಲಿ ಗಂಟೆಗೆ ಏಳು ಜನ ಬಂದು ಹೋಗ್ತಾರೆ. ತಲಾ 50 ರೂಪಾಯಿ ಅಂದರೆ 350. ನೀನು, ನಿನ್ನ ಬ್ಯಾಗು, ಈ ಮೇಜು ಹಿಡಿದಿರೋ ಜಾಗದಲ್ಲಿ ನಾನು ನಾಲ್ಕು ಜನಾನ ನಿಲ್ಲಿಸ್ತೀನಿ. 1,400 ರೂಪಾಯಿ! ಬೆಳಗಿನ ರಶ್ಶಿನ ಮಾತು ಇದು, ದಿನವಿಡೀ ಅಲ್ಲ, ಆದರೂ. ಎಲ್ಲಿ 84, ಎಲ್ಲಿ 1,400? ಇವರು ಬಾಡಿಗೆ ಕಟ್ಟೋದು ಹೇಗೆ?

ಹುಡುಗಿ: ಆ ಕೌಂಟರಿನ ಕೊನೇಲಿ ನೋಡಿ, ಕಾಗದದ ಚೀಲಗಳು ಸಾಲಾಗಿ ಇಟ್ಟಿದಾರಲ್ಲ. ಅದೆಲ್ಲ ಡೆಲಿವರಿ ಹುಡುಗರು ಒಯ್ಯೋದು. ಆ ಗಿರಾಕಿಗಳಿಗೆ ಕುರ್ಚಿಯೇ ಬೇಡ. ಮತ್ತೆ ನಾವು ಬರೋದು ಇವರ ವ್ಯಾಪಾರ ಇಲ್ಲದ ಹೊತ್ತಿಗೆ. ನಾವಿಲ್ಲದಿದ್ದರೆ ಹನ್ನೊಂದರಿಂದ ನಾಲ್ಕರವರೆಗೆ ಈ ಕುರ್ಚಿಗಳು ಖಾಲಿ.

ಮಾವ: ಹ್ಞಾಂ, ಅದು ಮಾತು. ಖಾಲಿ ಹೋಟೆಲಿಗೆ ಯಾರೂ ಕಾಲಿಡೋದಿಲ್ಲ, ಸಾಂಬಾರು ಹಳಸಿರಬೇಕು ಅಂದುಕೊಳ್ತಾರೆ. ಗಾಜಿನ ಪಕ್ಕ ನಿಮ್ಮಂಥೋರನ್ನ ಕೂರಿಸಿರೋದು ಅದಕ್ಕೇ. ಆದರೂ ಕೂರಿಸಿ ದುಡ್ಡು ಮಾಡೋದು ನಮಗೆ ಒಗ್ಗದ ವಿದ್ಯೆ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಇಡೀ ಉದ್ಯಮವೇ ಮೂಗಿನ ಮೇಲೆ ಬೆರಳಿಟ್ಟಿತ್ತು. ಕುರ್ಚಿಯೇ ಇಲ್ಲದ ಹೋಟೆಲು! ಟೋಕನ್ ತಗೋ, ನೀನೇ ಹೋಗಿ ತಂದುಕೋ, ನಿಂತು ತಿನ್ನು, ನಡಿ. ಸಪ್ಲೈಯರ್ ಸಂಬಳ ಉಳೀತು, ಜಾಗ ಉಳೀತು, ಅದಕ್ಕೇ ಕಾಫಿ ರೇಟು ಕೈಗೆಟುಕೋ ಹಾಗೆ ಉಳೀತು. ಆಮೇಲೆ ಬೀದಿಗೊಂದು ದರ್ಶಿನಿ. ಅದಕ್ಕೆ ಮುಂಚೇನೇ, 1965ರಿಂದಲೇ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಜನ ನಿಂತು ತಿಂತಿದ್ದಾರೆ. ಇವತ್ತಿಗೂ ಫುಟ್‌ಪಾತ್ ಮೇಲೆ ತಟ್ಟೆ ಹಿಡಿದುಕೊಂಡೇ ಇರ್ತಾರೆ. ಕೂತರೆ ಇಡ್ಲಿ ಕಡಿಮೆ ರುಚಿ ಅನ್ನೋ ಹಾಗೆ.

ಹುಡುಗಿ: ಅಂದರೆ ನೀವು ಕಾಫಿ ಮಾರಿದಿರಿ, ಕುರ್ಚಿ ಕಿತ್ತಿರಿ. ಇವರು ಕುರ್ಚಿ ಮಾರ್ತಾರೆ, ಕಾಫಿ ನೆಪ. ಮತ್ತೆ ಇದು ಮೊನ್ನೆ ಮೊನ್ನೆ ಶುರುವಾದದ್ದೂ ಅಲ್ಲ. 1996ರಲ್ಲಿ ಬ್ರಿಗೇಡ್ ರೋಡಿನಲ್ಲಿ ಚಿಕ್ಕಮಗಳೂರಿನ ಸಿದ್ಧಾರ್ಥ ಅವರು ಮೊದಲ ಕೆಫೆ ಕಾಫಿ ಡೇ ತೆರೆದದ್ದೇ ಇಂಟರ್ನೆಟ್ ಕೆಫೆ ಅಂತ. ಆಗ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ, ಜನ ಕಂಪ್ಯೂಟರಿಗೆ ಬಂದು ಕಾಫಿ ಕುಡಿದರು. ಲ್ಯಾಪ್‌ಟಾಪಿನವರು ಬಂದು ಕಾಫಿ ಶಾಪ್ ಕೆಡಿಸಿದರು ಅಂತ ಯಾರಾದರೂ ಅಂದರೆ ನಗು ಬರುತ್ತೆ. ಈ ಊರಲ್ಲಿ ಕಾಫಿ ಶಾಪ್ ಹುಟ್ಟಿದ್ದೇ ಕಂಪ್ಯೂಟರಿನ ಜೊತೆ.

ಮಾವ: ಈಗ ಮನೇಲೇ ಇಂಟರ್ನೆಟ್ ಇದೆಯಲ್ಲ. ಮತ್ತೆ ಯಾಕೆ ಬರಬೇಕು?

ಹುಡುಗಿ: ಮನೆ ಎಲ್ಲಿದೆ ಮಾವ? ಮಂಚ ಇದೆ. ತ್ರೀ ಶೇರಿಂಗ್ ಅಂದರೆ ಮೂರು ಮಂಚ, ಮೂರು ಕಬ್ಬಿಣದ ಬೀರು, ನಡುವೆ ಒಬ್ಬರು ಅಡ್ಡಡ್ಡ ನಡೆಯೋಷ್ಟು ಜಾಗ. ಮೇಜು ಇಡೋದಾದರೆ ಒಂದು ಮಂಚ ಎತ್ತಬೇಕು, ಮಂಚ ಎತ್ತಿದರೆ ಓನರಿಗೆ ಒಂದು ಬಾಡಿಗೆ ಹೋಯ್ತು. ಒಬ್ಬಳಿಗೆ ನೈಟ್ ಶಿಫ್ಟು, ಹಗಲೆಲ್ಲ ಮಲಗಿರ್ತಾಳೆ. ಕರ್ಟನ್ ಎಳೆದು ಕತ್ತಲು. ನಾನು ಅಲ್ಲಿ ಮೀಟಿಂಗಿನಲ್ಲಿ ಮಾತಾಡೋದಾದರೆ ಮೆಟ್ಟಿಲ ಮೇಲೆ ಕೂತು ಮಾತಾಡಬೇಕು. ಬಟ್ಟೆ ಒಣಗಿಸೋಕೆ ಹೋಗೋರೆಲ್ಲ ನನ್ನ ದಾಟಿಕೊಂಡು ಹೋಗ್ತಾರೆ.

ಮಾವ: ಕಂಪನಿಯವರು ಆಫೀಸು ಕೊಡಲ್ಲವೇ?

ಹುಡುಗಿ: ಇತ್ತಂತೆ. 2020ರ ಲಾಕ್‌ಡೌನ್ ಆದ ಮೇಲೆ ಬಿಟ್ಟುಬಿಟ್ಟರು. ಇಪ್ಪತ್ತು ಜನದ ಕಂಪನಿ, ತಿಂಗಳ ಬಾಡಿಗೆ ಯಾಕೆ ಅಂತ. ನಾನು ಸೇರಿದ್ದೇ ಆಮೇಲೆ. ಅವರ ಲೆಕ್ಕಪತ್ರ ಬರೆಯೋಳು ನಾನೇ ಅಲ್ಲವಾ, ನನಗೆ ಕಾಣುತ್ತೆ: 'ಬಾಡಿಗೆ' ಅನ್ನೋ ಖಾತೆ ಸೊನ್ನೆಯಾಗಿದೆ. ಖರ್ಚು ಮಾಯ ಆಗೋದಿಲ್ಲ ಮಾವ, ಜಾಗ ಬದಲಾಯಿಸುತ್ತೆ ಅಷ್ಟೆ. ಅವರ ಪುಸ್ತಕದಲ್ಲಿ ಬಾಡಿಗೆ ಅಂತ ಇದ್ದದ್ದು ನನ್ನ ಪರ್ಸಿನಲ್ಲಿ ಕ್ಯಾಪುಚಿನೋ ಅಂತ ಹುಟ್ಟಿದೆ. ಅದನ್ನ ಯಾವ ಆಡಿಟರೂ ಹಿಡಿಯೋದಿಲ್ಲ.

ಮಾವ: ಕೇಳಿ ತಗೋಬೇಕಪ್ಪ.

ಹುಡುಗಿ: ಕೇಳಿದೆ. 'ವರ್ಕ್ ಫ್ರಮ್ ಹೋಮ್ ಅಲ್ಲವೇ, ಹೋಮ್‌ನಿಂದ ಮಾಡಿ' ಅಂದರು.

ಮಾವ: ಇಂಥವನ್ನ ನಮ್ಮ ಹೋಟೆಲಿನಲ್ಲಿ ದೋಸೆ ಹಂಚಿನ ಮುಂದೆ ನಿಲ್ಲಿಸಬೇಕು, ಮೇ ತಿಂಗಳಲ್ಲಿ. ಇರಲಿ. ಓದೋದೂ ಇಲ್ಲೇನಾ? ನಿಮ್ಮಮ್ಮ ಅದನ್ನೇ ಕೇಳಿಬಾ ಅಂದಳು. ಸಿಎ ಫೈನಲ್ ಎರಡನೇ ಗ್ರೂಪ್ ಬಾಕಿ ಇದೆ, ಮಗಳು ಕಾಫಿ ಶಾಪಿನಲ್ಲಿ ಕೂತಿರ್ತಾಳಂತೆ ಅಂತ ಅವಳಿಗೆ ಆತಂಕ. ಇಷ್ಟು ಗಲಾಟೇಲಿ ತಲೆಗೆ ಹತ್ತುತ್ತಾ?

ಹುಡುಗಿ: ಕೆಲವು ಹತ್ತುತ್ತೆ, ಕೆಲವು ಹತ್ತೋದಿಲ್ಲ. ಸೆಕ್ಷನ್ ನಂಬರು ಬಾಯಿಪಾಠ ಮಾಡೋದು ಇಲ್ಲಿ ಆಗದ ಮಾತು. ಅದಕ್ಕೆ ಬೆಳಗಿನ ಜಾವ, ಮಂಚದ ಮೇಲೆ, ಫೋನಿನ ಟಾರ್ಚು. ಆದರೆ ಒಂದು ಕೇಸ್ ಸ್ಟಡಿ ಕೊಟ್ಟು ಇದನ್ನ ಬಿಡಿಸು ಅಂದರೆ ಇಲ್ಲೇ ಚೆನ್ನಾಗಿ ಆಗುತ್ತೆ. 2012ರಲ್ಲಿ ರವಿ ಮೆಹ್ತಾ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ದರು. 50 ಡೆಸಿಬೆಲ್ ಅಂದರೆ ಹೆಚ್ಚುಕಮ್ಮಿ ನಿಶ್ಶಬ್ದ, 85 ಅಂದರೆ ಕಿವಿ ಗುಂಯ್ ಅನ್ನೋ ಸದ್ದು. ನಡುವೆ 70ರ ಆಸುಪಾಸಿನ ಗುಜುಗುಜು ಇದ್ದಾಗ ಜನ ಹೊಸದಾಗಿ ಯೋಚಿಸೋ ಕೆಲಸ ಚೆನ್ನಾಗಿ ಮಾಡಿದರಂತೆ. ಅದರ ಮೇಲೆ ಕಾಫಿ ಶಾಪಿನ ಸದ್ದನ್ನ ಮನೇಲಿ ಕೇಳಿಸೋ ಆ್ಯಪ್‌ಗಳೂ ಬಂದವು.

ಮಾವ: ಅಡುಗೆಮನೆ ಸದ್ದು ರೆಕಾರ್ಡ್ ಮಾಡಿ ಮಾರಬಹುದು ಅಂತ ಗೊತ್ತಿದ್ದರೆ ನಾನು ಯಾವಾಗಲೋ ಬಂಗಲೆ ಕಟ್ಟಿಸ್ತಿದ್ದೆ.

ಹುಡುಗಿ: ಆದರೆ ಆ ಅಧ್ಯಯನದಲ್ಲಿಲ್ಲದ ಒಂದು ವಿಷಯ ನಾನೇ ಕಂಡುಕೊಂಡಿದೀನಿ. ಸದ್ದು ಎಷ್ಟು ಅನ್ನೋದಕ್ಕಿಂತ ಯಾವ ಭಾಷೆಯದು ಅನ್ನೋದು ಮುಖ್ಯ. ಇಲ್ಲಿ ಸುತ್ತ ಹಿಂದಿ, ಇಂಗ್ಲಿಷು, ತೆಲುಗು, ಮಲಯಾಳಂ. ಹಿಂದಿ, ಇಂಗ್ಲಿಷು ಅರ್ಥ ಆಗುತ್ತೆ, ಆದರೂ ಕಿವಿ ಮೇಲೆ ಜಾರಿ ಹೋಗುತ್ತೆ. ಯಾರಾದರೂ ಒಬ್ಬರು ಫೋನಿನಲ್ಲಿ 'ಅಲ್ಲ ಕಣೋ, ಅವಳು ಹಂಗಂದಳಾ?' ಅಂದರು ಅಂತಿಟ್ಟುಕೊಳ್ಳಿ. ಮುಗೀತು. ಯಾರು ಅವಳು, ಹೆಂಗಂದಳು, ಅದು ಬಗೆಹರಿಯೋವರೆಗೆ ನನ್ನ ಬ್ಯಾಲೆನ್ಸ್ ಶೀಟು ಟ್ಯಾಲಿ ಆಗೋದಿಲ್ಲ. ಫೋನಿನ ಮಾತು ಇನ್ನೂ ಕೆಟ್ಟದ್ದು, ಒಂದೇ ಕಡೆಯದು ಕೇಳೋದಲ್ಲವಾ; ಇನ್ನೊಂದು ಕಡೆ ಏನಂದಿರಬಹುದು ಅಂತ ಮನಸ್ಸು ತುಂಬಿಸ್ತಾ ಕೂರುತ್ತೆ. ಇಬ್ಬರು ಎದುರೆದುರು ಕೂತು ಜಗಳ ಆಡಿದರೂ ಇಷ್ಟು ತೊಂದರೆ ಇಲ್ಲ. ಗಾಂಧಿಬಜಾರಿನ ಕಡೆ ಕೂತು ಓದೋಕೆ ನೋಡಿದೆ. ಒಂದು ಪುಟ ದಾಟಲಿಲ್ಲ.

ಮಾವ: ಅಂದರೆ ಕನ್ನಡ ಕೇಳಿಸದ ಜಾಗ ಅಂತ ಹುಡುಕಿಕೊಂಡು ಬೆಂಗಳೂರಿನಲ್ಲೇ ಓದೋಕೆ ಬರ್ತೀಯ. ಹೇಳಿಕೊಳ್ಳೋ ಮಾತೇನೇ ಇದು?

ಹುಡುಗಿ: ಹೇಳಿಕೊಳ್ಳೋ ಮಾತಲ್ಲ. ನಿಮಗೆ ಹೇಳಿದೆ. ಆರ್ಡರ್ ಮಾತ್ರ ನಾನು ಕನ್ನಡದಲ್ಲೇ ಕೊಡೋದು. ಆ ಮೆಷಿನ್ ಹತ್ತಿರ ಇರೋ ಹುಡುಗ ಒಡಿಶಾದವನು, 'ಸಕ್ಕರೆ ಬೇಡ, ಬಿಸಿ ಜಾಸ್ತಿ' ಅನ್ನೋದು ಅವನಿಗೆ ಈಗ ಬಾಯಿಪಾಠ.

ಮಾವ: ಒಳ್ಳೇದು. ಓದೋಕೆ ಲೈಬ್ರರಿ ಅಂತ ಇರುತ್ತಲ್ಲ, ಅಲ್ಲಿಗೆ ಹೋಗೋಕೆ ಏನು ಧಾಡಿ?

ಹುಡುಗಿ: ಹೋಗಿದೀನಿ. ಕಬ್ಬನ್ ಪಾರ್ಕಿನದು ಎಷ್ಟು ಚೆಂದ! 1915ರ ಕಟ್ಟಡ, ಕೆಂಪು ಗೋಡೆ, ಎತ್ತರದ ಸೂರು, ಹೊರಗೆ ಮರ. ಒಳಗೆ ಕೂತೋರಲ್ಲಿ ಎಷ್ಟೋ ಜನ ಅಲ್ಲಿನ ಪುಸ್ತಕ ಓದೋರಲ್ಲ, ತಮ್ಮ ಗೈಡು ತಂದುಕೊಂಡು ಪರೀಕ್ಷೆಗೆ ಕೂತೋರು. ನಾವು ಇಲ್ಲಿ ಮಾಡೋದನ್ನೇ ಅಲ್ಲಿ ಕಾಫಿ ಇಲ್ಲದೆ ಮಾಡ್ತಾರೆ. ಆದರೆ ಎಚ್‌ಎಸ್‌ಆರ್‌ನಿಂದ ಅಲ್ಲಿಗೆ ಹೋಗೋದು ಅಂದರೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ದಾಟಬೇಕು. ಬಡಾವಣೆಯ ಶಾಖಾ ಗ್ರಂಥಾಲಯ ನೋಡಿದೆ. ಹಿರಿಯರು ಪೇಪರ್ ಓದ್ತಿರ್ತಾರೆ, ಪ್ಲಾಸ್ಟಿಕ್ ಕುರ್ಚಿ, ಒಂದೂ ಪ್ಲಗ್ ಪಾಯಿಂಟ್ ಇಲ್ಲ. ವಿಜಯನಗರದ ಕಡೆ ಕೆಎಎಸ್, ಪಿಎಸ್ಐಗೆ ಓದೋರಿಗೆ ಅಂತ ಖಾಸಗಿ ರೀಡಿಂಗ್ ರೂಮುಗಳಿವೆ, ತಿಂಗಳಿಗಿಷ್ಟು ಅಂತ. ಮೂರು ಕಡೆ ಪ್ಲೈವುಡ್ ತಟ್ಟಿ, ತಲೆ ಮೇಲೊಂದು ಟ್ಯೂಬ್‌ಲೈಟು. ಓದೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಆದರೆ ಫೋನ್ ಎತ್ತೋ ಹಾಗಿಲ್ಲ, ನನ್ನದು ಕೆಲಸ ಅರ್ಧ, ಓದು ಅರ್ಧ.

ಮಾವ: ತಡಿ ತಡಿ. ಗ್ರಂಥಾಲಯ ಅಂದೆಯಲ್ಲ, ಒಂದು ನೆನಪಾಯ್ತು. ವರ್ಷಾ ವರ್ಷಾ ನಾನು ಕಂದಾಯ ಕಟ್ಟೋವಾಗ ಅದರ ಮೇಲೆ ಸೆಸ್ ಅಂತ ಹಾಕ್ತಾರೆ. ಏನಿದು ಅಂತ ಒಂದು ಸಲ ಕೂತು ಬಿಡಿಸಿ ನೋಡಿದೆ. ಆರೋಗ್ಯಕ್ಕೆ ಶೇ. 15, ಭಿಕ್ಷುಕರ ಪುನರ್ವಸತಿಗೆ 3, ಗ್ರಂಥಾಲಯಕ್ಕೆ 6.

ಹುಡುಗಿ: ಹೌದು, 1965ರ ಗ್ರಂಥಾಲಯ ಕಾಯ್ದೆಯ ಕರ ಅದು. ಕಂದಾಯ ನೂರು ರೂಪಾಯಿ ಇದ್ದರೆ ಆರು ರೂಪಾಯಿ ಲೈಬ್ರರಿಗೆ.

ಮಾವ: ಮನೆಗೂ ಕಟ್ತೀನಿ, ಹೋಟೆಲಿಗೂ ಕಟ್ತೀನಿ. ಅಂದರೆ...

ಹುಡುಗಿ: ಅಂದರೆ ನನ್ನ ಕುರ್ಚಿಗೆ ನೀವು ಆಗಲೇ ದುಡ್ಡು ಕಟ್ಟಿದೀರಿ. ಈ ಬಡಾವಣೇಲಿ ಮನೆ, ಅಂಗಡಿ, ಪಿ.ಜಿ. ಇರೋರೂ ಕಟ್ಟಿದಾರೆ. ವಸೂಲಾದ ಕರ ಪೂರ್ತಿಯಾಗಿ ಗ್ರಂಥಾಲಯ ಇಲಾಖೆಗೆ ಸೇರೋದಿಲ್ಲ, ಕೋಟಿಗಟ್ಟಲೆ ಬಾಕಿ ಅಂತ ಆಗಾಗ ಪೇಪರಿನಲ್ಲಿ ಬರ್ತಾನೇ ಇರುತ್ತೆ. ಕಂಪನಿ ಕೊಡಬೇಕಾದ ಕುರ್ಚಿ, ಪಿ.ಜಿ. ಓನರು ಕೊಡಬೇಕಾದ ಮೇಜು, ಊರು ಕೊಡಬೇಕಾದ ವಾಚನಾಲಯ. ಮೂವರೂ ಕೈಚೆಲ್ಲಿದ್ದನ್ನ ಈ ಕಾಫಿ ಶಾಪಿನವನು ಒಟ್ಟುಮಾಡಿ ನೊರೆ ಹಾಕಿ ಮಾರ್ತಾನೆ. ಇವನ ಮೇಲೆ ನನಗೆ ಸಿಟ್ಟಿಲ್ಲ.

ಮಾವ: ಅಯ್ಯೋ, ಅಲ್ಲಿ ನೋಡೇ! ಆ ಹುಡುಗಿ ಲ್ಯಾಪ್‌ಟಾಪು, ಬ್ಯಾಗು ಎಲ್ಲ ಮೇಜಿನ ಮೇಲೇ ಬಿಟ್ಟು ಹೊರಟೇ ಹೋದಳು! ಕರಿ, ಕರಿ!

ಹುಡುಗಿ: ಊಟಕ್ಕೆ ಹೋಗಿರ್ತಾಳೆ ಮಾವ, ಪಕ್ಕದ ಮೆಸ್ಸಿಗೆ. ಇಲ್ಲಿ ಪಾಸ್ತಾ 400 ರೂಪಾಯಿ. ಲ್ಯಾಪ್‌ಟಾಪು ಜಾಗ ಹಿಡಿಯೋಕೆ.

ಮಾವ: ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದ ಹಾಗೆ! ನಾವು ಹಬ್ಬಕ್ಕೆ ಊರಿಗೆ ಹೋಗೋವಾಗ ಎಸೀತಿದ್ವಿ, ಕಳೆದರೆ ಹತ್ತು ರೂಪಾಯಿ ಟವೆಲ್. ಇದು ಎಪ್ಪತ್ತು ಸಾವಿರದ್ದು.

ಹುಡುಗಿ: ಅದು ತಪ್ಪು, ನಾನೂ ಒಪ್ಪೋದಿಲ್ಲ. ಕದೀತಾರೆ ಅಂತಲ್ಲ. ಊಟ ಬೇರೆ ಕಡೆ, ಜಾಗ ಇಲ್ಲಿ ಅಂದರೆ ಮಾತಿಗೆ ತಪ್ಪಿದ ಹಾಗೆ. ಮೂರು ಗಂಟೆಗೊಂದು ಏನಾದರೂ ತಗೋಬೇಕು, ಒಬ್ಬಳೇ ಇದ್ದರೆ ನಾಲ್ಕು ಜನರ ಮೇಜು ಹಿಡೀಬಾರದು, ಭಾನುವಾರ ಸಂಸಾರಸ್ಥರು ಬರೋ ಹೊತ್ತಿಗೆ ಜಾಗ ಬಿಡಬೇಕು. ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೋರು ಜಾಸ್ತಿಯಾದರೆ ಬೋರ್ಡು ಬರುತ್ತೆ. ದಕ್ಷಿಣ ಕೊರಿಯಾದಲ್ಲಿ ಹುಡುಗರು ದೊಡ್ಡ ಕಂಪ್ಯೂಟರು, ಪ್ರಿಂಟರು, ಅಡ್ಡತಟ್ಟಿ ಎಲ್ಲ ಹೊತ್ತು ತಂದು ಸಂಸಾರ ಹೂಡೋಕೆ ಶುರುಮಾಡಿ, 2025ರ ಆಗಸ್ಟ್‌ನಲ್ಲಿ ಅಲ್ಲಿನ ಸ್ಟಾರ್‌ಬಕ್ಸ್‌ನವರು 'ಇವನ್ನೆಲ್ಲ ತರಬೇಡಿ' ಅಂತ ನೋಟಿಸು ಹಾಕಬೇಕಾಯ್ತು.

ಮಾವ: ಪ್ರಿಂಟರ್ರಾ! ನಮ್ಮಲ್ಲಿ ಸೈಟ್ ಬ್ರೋಕರುಗಳು ಮಾತ್ರ ಹಂಗೆ. ಒಂದು ಕಾಫಿ ಬೈ-ತ್ರೀ ಮಾಡಿ, ಖಾತಾ, ನಕ್ಷೆ, ಅಡ್ವಾನ್ಸು ಎಲ್ಲ ನಮ್ಮ ಮೇಜಿನ ಮೇಲೇ. ಅದಕ್ಕೇ ಕೆಲವು ಹೋಟೆಲಿನಲ್ಲಿ 'ರಿಯಲ್ ಎಸ್ಟೇಟ್, ರಾಜಕೀಯ ಚರ್ಚೆ ನಿಷೇಧ' ಅಂತ ಬರೆಸಿದ್ದು. ಆದರೆ ಕೂರೋಕೆ ಅಂತಲೇ ಒಂದು ಹೋಟೆಲಿತ್ತು ಕಣೇ ಊರಲ್ಲಿ. ಎಂ.ಜಿ. ರೋಡಿನ ಕಾಫಿ ಹೌಸು. ಬಿಳಿ ಡ್ರೆಸ್ಸು, ತಲೆ ಮೇಲೆ ಪೇಟ, ಅಗಲ ಬೆಲ್ಟು ಕಟ್ಟಿದ ಸಪ್ಲೈಯರು. ಒಂದು ಕಾಫಿಗೆ ಅರ್ಧ ದಿನ ಕೂತರೂ ಯಾರೂ ಟೇಬಲ್ ಒರೆಸ್ತಿರಲಿಲ್ಲ. ಬೇರೆ ಹೋಟೆಲಿನ ಗಲ್ಲಾದವನು ನಾನು, ರಜಾ ದಿನ ಅಲ್ಲಿಗೆ ಹೋಗಿ ಹೊಟ್ಟೆಕಿಚ್ಚು ಪಡ್ತಿದ್ದೆ.

ಹುಡುಗಿ: ಅವರಿಗೆ ಹೇಗೆ ಗಿಟ್ಟುತಿತ್ತು?

ಮಾವ: ಅದರ ಹುಟ್ಟೇ ಬೇರೆ. 1930ರ ದಶಕದಲ್ಲಿ ಬೆಳೆದ ಕಾಫಿಗೆ ಕುಡಿಯೋರಿಲ್ಲದೆ, ಜನಕ್ಕೆ ರುಚಿ ಹತ್ತಿಸೋಕೆ ಅಂತ ತೆರೆದ ಅಂಗಡಿಗಳು ಅವು. ಆಮೇಲೆ ಕಾಫಿ ಬೋರ್ಡು ನಡೆಸ್ತು. ಐವತ್ತರ ದಶಕದಲ್ಲಿ ಬೋರ್ಡಿನವರು ಮುಚ್ಚೋಕೆ ಹೊರಟಾಗ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾತು ಕೇಳಿ ಸಹಕಾರ ಸಂಘ ಕಟ್ಟಿಕೊಂಡರು. ಮೊದಲನೇದು ನಮ್ಮ ಬೆಂಗಳೂರಿನಲ್ಲೇ, 1957ರಲ್ಲಿ. ಸಪ್ಲೈಯರೇ ಮಾಲೀಕ ಆದ ಮೇಲೆ ಗಿರಾಕೀನ ಎಬ್ಬಿಸೋಕೆ ಯಾರು ಹೇಳ್ತಾರೆ? 2009ರಲ್ಲಿ ಎಂ.ಜಿ. ರೋಡು ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದರು. ಮೈಸೂರಲ್ಲೂ ಇತ್ತು, ಕವಿ ಅಡಿಗರ ಸುತ್ತ ಅನಂತಮೂರ್ತಿಯವರಂಥ ಎಳೆಯರು ಕೂತು ವಾದ ಮಾಡ್ತಿದ್ದರಂತೆ. ಕಾಫಿ ಜೊತೆ ಸಾಹಿತ್ಯವೇ ಹುಟ್ಟುತಿತ್ತು. ಇಲ್ಲಿ ನೋಡು, ಎಲ್ಲರ ಕಿವೀಲೂ ಬಿರಡೆ.

ಹುಡುಗಿ: ಇರಬಹುದು ಮಾವ. ಆದರೆ ಆ ಮೇಜುಗಳ ಸುತ್ತ ಕೂತಿದ್ದೋರು ಯಾರು, ಒಂದು ಸಲ ನೆನಪು ಮಾಡಿಕೊಳ್ಳಿ. ಹೆಂಗಸರು ಎಷ್ಟು ಜನ ಇದ್ದರು?

ಮಾವ: ...ಫ್ಯಾಮಿಲಿ ರೂಮು ಇರ್ತಿತ್ತಲ್ಲ, ಹೋಟೆಲುಗಳಲ್ಲಿ.

ಹುಡುಗಿ: ಇತ್ತು. ಪರದೆ ಹಾಕಿದ್ದು. ಅಣ್ಣನೋ ಗಂಡನೋ ಜೊತೆಗಿದ್ದರೆ. ಅಮ್ಮ ಒಬ್ಬಳೇ ಹೋಟೆಲಿಗೆ ಹೋಗಿ, ಪುಸ್ತಕ ತೆಗೆದುಕೊಂಡು, ಒಂದು ಗಂಟೆ ಕೂತದ್ದು ನೀವು ಯಾವತ್ತಾದರೂ ಕಂಡಿದೀರಾ?

ಮಾವ: ನಿಮ್ಮಮ್ಮ ಓದ್ತಿದ್ದದ್ದು ಅಡುಗೆಮನೆ ಹೊಸ್ತಿಲ ಮೇಲೆ ಕೂತು. ಬಿ.ಎ. ಪರೀಕ್ಷೆಗೂ ಅಲ್ಲೇ. ಹಾಲು ಉಕ್ಕದ ಹಾಗೆ ಒಂದು ಕಣ್ಣು ಒಲೆ ಮೇಲೆ.

ಹುಡುಗಿ: ನಾನು ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಒಂಬತ್ತರವರೆಗೆ ಕೂತರೂ 'ಯಾರಿಗೆ ಕಾಯ್ತಿದೀಯಮ್ಮ' ಅಂತ ಯಾರೂ ಕೇಳೋದಿಲ್ಲ. ಪಾರ್ಕಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ನೋಡಿ, ಗೊತ್ತಾಗುತ್ತೆ. 252 ರೂಪಾಯೀಲಿ ಅದರದ್ದೂ ಒಂದು ಪಾಲು ಇದೆ, ಬಹುಶಃ ದೊಡ್ಡ ಪಾಲೇ. ಹಾಗಂತ ಎಲ್ಲರಿಗೂ ಸಿಗುತ್ತೆ ಅಂತಲ್ಲ. ಆ ಚೀಲ ಒಯ್ಯೋಕೆ ಬಂದ ಹುಡುಗ ನೋಡಿ, ಬಾಗಿಲ ಹೊರಗೇ ನಿಂತಿದಾನೆ. ಬಿಸಿಲಲ್ಲಿ. ಅವನಿಗೂ ಫೋನ್ ಇದೆ, ಅವನೂ ಕೆಲಸದ ಮೇಲೇ ಇದಾನೆ. ಅವನಿಗೆ ಯಾರೂ 'ಕೂತ್ಕೋ' ಅನ್ನೋದಿಲ್ಲ.

ಮಾವ: ಅವನು ನಮ್ಮಲ್ಲಿಗೆ ಬರ್ತಾನೆ. ಬೈಕ್ ಪಕ್ಕ ನಿಂತು ಕುಡಿದು ಹೋಗ್ತಾನೆ.

ಹುಡುಗಿ: ನಿಂತೇ.

ಮಾವ: ನಿಂತೇ ಅನ್ನು. ಎಷ್ಟು ಕುಡೀತೀಯ ದಿನಕ್ಕೆ? ನಿದ್ದೆ ಬರುತ್ತೇನು?

ಹುಡುಗಿ: ಎರಡೇ. ಎರಡನೇದು ಮೂರು ಗಂಟೆ ಒಳಗೆ ಮುಗಿಸ್ತೀನಿ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯೋಕೇ ಐದು ಗಂಟೆ ಬೇಕು. ಆರಕ್ಕೆ ಕುಡಿದರೆ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತೆ. ಸಾಯಂಕಾಲ ಬಾಡಿಗೆ ಕಟ್ಟಬೇಕಾದರೆ ನಿಂಬೆ ಸೋಡಾ.

ಮಾವ: ತಗೋ, ಇದನ್ನ ತಿನ್ನು, ಖಾಲಿ ಹೊಟ್ಟೇಲಿ ಸೋಡಾ ಕುಡಿಯೋದಲ್ಲ. ನಿಮ್ಮಮ್ಮನ ಕೋಡುಬಳೆ.

ಹುಡುಗಿ: ಅಯ್ಯೋ ಮಾವ, ಮೇಜಿನ ಮೇಲೆ ಬೇಡ, ಹೊರಗಿನ ತಿಂಡಿ ಇಲ್ಲಿ... ಕೆಳಗೆ ಇಟ್ಟುಕೊಳ್ಳಿ. ಕರುಂ ಅನ್ನಿಸಬೇಡಿ.

ಮಾವ: ಕೋಡುಬಳೆ ಕರುಂ ಅನ್ನದೆ ಇನ್ನೇನನ್ನುತ್ತೆ! ನಮ್ಮಲ್ಲೂ ಬೋರ್ಡಿದೆ, 'ಹೊರಗಿನ ತಿಂಡಿ ತರಬಾರದು' ಅಂತ. ಬರೆಸಿದ್ದು ನಾನೇ. ಆ ಒಡಿಶಾದ ಹುಡುಗ ನೋಡ್ತಿದಾನಲ್ಲ. ಬಾರಪ್ಪ ಇಲ್ಲಿ, ನಿನಗೂ ಎರಡು ತಗೋ. ...ನೋಡು, ತಗೊಂಡ. ಈಗ ಅವನೂ ಪಾಲುದಾರ.

ಹುಡುಗಿ: ನಾಳೆಯಿಂದ ನಾನು ಡಬ್ಬಿ ತರಬೇಕಾಗುತ್ತೆ.

ಮಾವ: ಒಂದು ಮಾತು ಕೇಳ್ತೀನಿ. ನಮ್ಮ ದರ್ಶಿನಿ ಮೇಲಿನ ಮಹಡಿ ಇದೆಯಲ್ಲ, ಪಾತ್ರೆ, ಹಳೇ ಗ್ರೈಂಡರು ತುಂಬಿಟ್ಟಿದೀವಿ. ಖಾಲಿ ಮಾಡಿ ಹತ್ತು ಮೇಜು ಹಾಕಿದರೆ? ಹನ್ನೊಂದರಿಂದ ನಾಲ್ಕು, ನಮಗೂ ಅದು ಸತ್ತ ಹೊತ್ತೇ. ಗಂಟೆಗೆ 40 ರೂಪಾಯಿ, ಒಂದು ಫಿಲ್ಟರ್ ಕಾಫಿ ಸೇರಿ. ಹತ್ತು ಕುರ್ಚಿ, ಐದು ಗಂಟೆ: 2,000 ರೂಪಾಯಿ. ಕಾಫಿ ಖರ್ಚು ಕಳೆದರೂ ಗ್ರೈಂಡರಿಗಿಂತ ವಾಸಿ.

ಹುಡುಗಿ: ನೀವು ಕುರ್ಚಿ ಹಾಕ್ತೀರಾ?

ಮಾವ: ಬೆನ್ನಿರೋ ಕುರ್ಚಿ. ಗೋಡೆ ಪೂರ್ತಿ ಪ್ಲಗ್ ಪಾಯಿಂಟು. ವೈಫೈಗೆ ಮಗನ್ನ ಕೇಳ್ತೀನಿ. ಬ್ರೋಕರುಗಳನ್ನ ಮಾತ್ರ ಮೆಟ್ಟಿಲು ಹತ್ತಿಸೋದಿಲ್ಲ.

ಹುಡುಗಿ: ಕನ್ನಡದಲ್ಲಿ ಫೋನ್ ಮಾಡೋರನ್ನ?

ಮಾವ: ಅದು ನಿನ್ನ ಕಾಯಿಲೆ, ನೀನೇ ಔಷಧಿ ನೋಡಿಕೋ. ಬರ್ತೀಯಾ?

ಹುಡುಗಿ: ಒಂದೇ ಪ್ರಶ್ನೆ. ಲೇಡೀಸ್ ಟಾಯ್ಲೆಟ್ ಇದೆಯಾ?

ಮಾವ: ಕೆಳಗೆ ಹಿಂದುಗಡೆ ಒಂದಿದೆ, ಹುಡುಗರು ಉಪಯೋಗಿಸೋದು. ಎಂಟು ನಿಮಿಷಕ್ಕೆ ಬಂದು ಹೋಗೋರು, ಯಾರೂ ಕೇಳೇ ಇಲ್ಲವಲ್ಲೇ ಇಷ್ಟು ವರ್ಷ.

ಹುಡುಗಿ: ಎಂಟು ನಿಮಿಷಕ್ಕೆ ಬೇಡ ಮಾವ. ಐದು ಗಂಟೆ ಕೂರೋರಿಗೆ ಬೇಕು. ವೈಫೈ ಆಮೇಲೆ ಹಾಕಿಸಿ, ಮೊದಲು ಅದು. ಒಳಗಿನಿಂದ ಚಿಲಕ, ನೀರು, ಲೈಟು, ಮುಚ್ಚಳ ಇರೋ ಡಸ್ಟ್‌ಬಿನ್. ಮತ್ತೆ ಬೀಗದಕೈ ಗಲ್ಲಾದಲ್ಲಿ ಇಟ್ಟುಕೊಂಡು ಕೇಳಿ ಇಸಕೊಳ್ಳಿ ಅನ್ನೋ ಹಾಗಿಲ್ಲ.

ಮಾವ: ಮೇಲಕ್ಕೆ ಸ್ಯಾನಿಟರಿ ಲೈನ್ ಎಳೀಬೇಕಾದರೆ ಹಿಂದಿನ ಗೋಡೆ ಒಡೀಬೇಕು. ಪಾಲುದಾರನ್ನ ಕೇಳಬೇಕು. ತಡಿ, ಫೋನ್ ಹಚ್ತೀನಿ. ...ಹಲೋ, ಭಟ್ಟರೇ, ಮೇಲಿನ ಆ ಗ್ರೈಂಡರು ತಗೋತೀನಿ ಅಂದಿದ್ದನಲ್ಲ ಒಬ್ಬ ಗುಜರಿಯವನು, ಅವನ ನಂಬರಿದೆಯಾ?